ಹನ್ನೆರಡು ಮೊಳೆಯ ಡಬ್ಬಿ

ರೇಡಿಯೋ ಸದ್ದಿಗೆ ರೇಷ್ಮೆ ಹುಳು ಸಾಯುವುದಿಲ್ಲ. ಈ ಮಾತನ್ನು ನಾನು ರಾಯದುರ್ಗದ ನನ್ನ ಅಂಗಡಿಯ ಮುಂದೆ ನಿಂತವರಿಗೆಲ್ಲ ಒಂದೂವರೆ ವರ್ಷ ಹೇಳಿದ್ದೇನೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ, ಟಾರ್ಚಿಗೆ ಬಲ್ಬು ಹಾಕಿಸಲು ಬಂದವರನ್ನು ಕೂರಿಸಿಕೊಂಡು ಹೇಳಿದೆ. ಮಾತೇನೋ ನಿಜ. ಆದರೆ ನಮ್ಮಕ್ಕನ ಮನೆಯ ಹುಳು ಯಾತರಿಂದ ಸತ್ತವು ಎಂದು ತಿಳಿದ ದಿನ ನನ್ನ ಬಾಯಿ ಕಟ್ಟಿಹೋಯಿತು.

ಎರಡನೇ ಮಹಾಯುದ್ಧದ ಕಾಲ ಅದು. ನಮ್ಮ ಸೀಮೆಯೆಲ್ಲ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನನ್ನದು ರಾಯದುರ್ಗದಲ್ಲಿ ಗ್ರಾಮಫೋನು, ಹೊಲಿಗೆ ಯಂತ್ರ, ಟಾರ್ಚು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಊರಿನಲ್ಲಿ ರೇಡಿಯೋ ಇದ್ದದ್ದು ನಾಲ್ಕೈದು ಮನೆಗಳಲ್ಲಿ ಮಾತ್ರ. ಅವು ಕೆಟ್ಟರೆ ನನ್ನ ಹತ್ತಿರವೇ ಬರಬೇಕು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಆ ಸುತ್ತಿಗೆ ನಾನೇ ರೇಡಿಯೋ ಪಂಡಿತ. ಹೇಳಿಕೊಟ್ಟವರು ಯಾರೂ ಇಲ್ಲ, ಬಿಚ್ಚಿ ನೋಡಿ ಕಲಿತದ್ದು. ಹಾಗೆ ಕಲಿತವನಿಗೆ ಇರುವ ಜಂಬಕ್ಕಿಂತ ಒಂದು ಸೇರು ಹೆಚ್ಚೇ ನನಗಿತ್ತು.

ನನಗಿದ್ದವಳು ಒಬ್ಬಳೇ ಅಕ್ಕ. ಅವಳನ್ನು ಮಡಕಶಿರದ ಕೋಟೆಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ನಮ್ಮ ಕಡೆ ಹತ್ತಿ, ಜೋಳ, ಕುರಿ. ಅವರ ಕಡೆ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ. ರೇಷ್ಮೆ ಹುಳುವನ್ನು ನಾನು ಕಣ್ಣಾರೆ ಕಂಡದ್ದೇ ಅಕ್ಕನ ಮದುವೆಯಾದ ಮೇಲೆ. ಅವರ ಮನೆಯ ಅರ್ಧ ಹುಳುವಿಗೆ, ಉಳಿದರ್ಧ ಮನುಷ್ಯರಿಗೆ. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವವರೆಗೆ ಹತ್ತಿರ ಹತ್ತಿರ ಒಂದು ತಿಂಗಳು ಅಕ್ಕ ಆ ಹುಳುಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಸೊಪ್ಪು ಕೊಯ್ದು ತರುವುದು ಗಂಡಸರ ಕೆಲಸ, ಹೆಚ್ಚಿ ಉಣಿಸಿ ಹಿಕ್ಕೆ ತೆಗೆಯುವುದು ಹೆಂಗಸರದು.

ನಮ್ಮ ಮನೆಯಲ್ಲಿದ್ದಾಗ ಅಕ್ಕ ಹಾಡುತ್ತಿದ್ದಳು. ರೊಟ್ಟಿ ಬಡಿಯುತ್ತ ಹಾಡು, ಹತ್ತಿ ಬಿಡಿಸುತ್ತ ಹಾಡು. ಪಕ್ಕದ ಮನೆಯವರು ಕೆಲಸ ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಿದ್ದರು. ಮದುವೆಯಾದ ಮೇಲೆ ಅದೆಲ್ಲ ನಿಂತಿತು. ಯಾರೂ ಬೇಡ ಅಂದಿರಲಿಲ್ಲ, ಹುಳುಮನೆಯಲ್ಲಿ ಹಾಡುವ ರೂಢಿ ಇರಲಿಲ್ಲ ಅಷ್ಟೆ. ಹಾಗಾಗಿ ನಮ್ಮ ಭಾವ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ಹಳೆಯ ಬ್ಯಾಟರಿ ರೇಡಿಯೋ ಒಂದನ್ನು ಕೊಂಡು ತಂದಾಗ ಅವನಿಗಿಂತ ಹೆಚ್ಚು ಕುಣಿದವಳು ಅಕ್ಕ. ಪಡಸಾಲೆಯ ಗೋಡೆಗೂಡಿನಲ್ಲಿ ಅದನ್ನಿಟ್ಟರು. ಹತ್ತು ದಿನಕ್ಕೊಮ್ಮೆ ಅದರ ಬ್ಯಾಟರಿ ಗಾಡಿಯಲ್ಲಿ ಕೂತು ಮಡಕಶಿರದ ಕಡಲೆಕಾಯಿ ಮಿಲ್ಲಿಗೆ ಹೋಗಿ, ಅಲ್ಲಿನ ಎಂಜಿನ್ನಿಗೆ ಕಟ್ಟಿಸಿಕೊಂಡು, ಹೊಟ್ಟೆ ತುಂಬಿಸಿಕೊಂಡು ಬರುತ್ತಿತ್ತು.

ಆರು ತಿಂಗಳಲ್ಲಿ ಅದರ ವಾಲ್ಯೂಮ್ ಕಂಟ್ರೋಲ್ ಕೆಟ್ಟಿತು. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ ತಿರುಗಿಸಿದರೆ ಹಾಡಿಗೆ ಬದಲು ಕರಕರ. ಕಾಗದ ಬಂತು, ನಾನು ಹೊರಟೆ.

ಹೊರಡುವ ಮುಂಚೆ ಬಳ್ಳಾರಿಗೆ ಹೋಗಿ ಹೊಸದೊಂದು ಕಂಟ್ರೋಲ್ ಕೊಂಡೆ. ಯುದ್ಧಕಾಲದಲ್ಲಿ ಸಿಕ್ಕಿದ್ದೇ ಪುಣ್ಯ. ಈ ಕಂಟ್ರೋಲುಗಳಲ್ಲಿ ಎರಡು ಜಾತಿ, ಹೊರಗಿನಿಂದ ನೋಡಿದರೆ ಅವಳಿ ಜವಳಿ. ಒಳಗೆ ಬಳಿದಿರುವ ಕಪ್ಪು ಪಟ್ಟಿಯಲ್ಲಿ ವ್ಯತ್ಯಾಸ. ಒಂದರಲ್ಲಿ ಪಟ್ಟಿ ಉದ್ದಕ್ಕೂ ಒಂದೇ ಸಮ. ಇನ್ನೊಂದರಲ್ಲಿ ಮೊದಲು ಬಹಳ ನಿಧಾನ, ಆಮೇಲೆ ಬೇಗ ಬೇಗ ಏರುತ್ತದೆ. ರೇಡಿಯೋಗೆ ಬೇಕಾದದ್ದು ಎರಡನೆಯದು. ಅಂಗಡಿಯವರು ಎರಡೂ ಒಂದೇ ಎಂದರು. ಸಮ ಇರುವುದೇ ಒಳ್ಳೆಯದಲ್ಲವೇ ಎಂದು ನಾನೂ ತಲೆಯಾಡಿಸಿ ಮೊದಲನೆಯದನ್ನು ತಂದೆ.

ಅಕ್ಕನ ಮನೆಯ ಬಾಗಿಲಲ್ಲೇ ಅವಳ ಅತ್ತೆ ನನ್ನನ್ನು ತಡೆದರು. ಸಣ್ಣ ಆಳು, ಮಾತು ಕಡಿಮೆ, ಕಣ್ಣು ಕಿವಿ ಬಹಳ ಚುರುಕು.

“ಬೀಡಿ ಸೇದ್ತೀಯೇನಪ್ಪ? ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ಕಂತೀಯಾ?”

“ಇಲ್ರಿ ಅಮ್ಮ, ನನಗ ಯಾವ ಚಟಾನೂ ಇಲ್ಲ,” ಎಂದೆ. ಅದು ಸತ್ಯ. ಹೆಣ್ಣು ಕೇಳಲು ಬಂದವನನ್ನು ವಿಚಾರಿಸುವ ಹಾಗೆ ಇದೇನಪ್ಪ ಎಂದು ಒಳಗೊಳಗೇ ನಕ್ಕೆ. ಯಾಕೆ ಕೇಳಿದಿರಿ ಎಂದು ಮಾತ್ರ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಂಟ್ರೋಲ್ ಬದಲಾಯಿಸಿ, ಎಲ್ಲರನ್ನೂ ಕರೆದು, ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಪೆಟ್ಟಿಗೆ ಗರ್ಜಿಸಿತು. ಭಾವನ ಕೈಲಿದ್ದ ಚೊಂಬು ಬಿತ್ತು. ಅತ್ತೆ ಹುಳುವಿನ ಬಿದಿರು ತಟ್ಟೆಯನ್ನು ಎದೆಗವಚಿಕೊಂಡು ಕಂಬಕ್ಕೆ ಒರಗಿದರು. ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಪೂರ್ತಿ ಮೌನ. ಇದ್ದರೆ ಗುಡುಗು, ಇಲ್ಲದಿದ್ದರೆ ಸ್ಮಶಾನ. ನಡುವೆ ಏನೂ ಇಲ್ಲ. ಪಂಡಿತನ ಮುಖ ನೋಡಬೇಕಿತ್ತು ಆಗ.

“ಸದ್ದಿಗೆ ಹುಳ ಹೆದರ್ತಾವ್ರೇನು ಅಮ್ಮ?” ಎಂದು ಮಾತು ತಿರುಗಿಸಿದೆ.

“ಅವು ಹೆದರಲ್ಲ ಕಣಪ್ಪ. ಅವು ಮೇಯೋ ಸದ್ದು ನನಗೆ ಕೇಳಬೇಕು,” ಎಂದರು ಅವರು. “ಚೆನ್ನಾಗಿದ್ರೆ ಸರಸರ ಅಂತಾವೆ. ಆ ಸದ್ದು ಇಳೀತು ಅಂದ್ರೆ ಏನೋ ಆಗೈತೆ ಅಂತ. ಕಣ್ಣಿಗೆ ಕಾಣೋ ಹೊತ್ತಿಗೆ ಕೈ ಮೀರಿರ್ತೈತೆ.”

ಅಂದರೆ ರೇಡಿಯೋ ಸದ್ದು ಹುಳು ಎಲೆ ತಿನ್ನುವ ಸದ್ದಿನ ಕೆಳಗಿರಬೇಕು. ನನಗೆ ಆ ಮಾತು ಹಿಡಿಸಿತು. ಇಂಥ ಅಳತೆಯನ್ನು ಯಾವ ಗಿರಾಕಿಯೂ ನನಗೆ ಕೊಟ್ಟಿರಲಿಲ್ಲ. ಅಕ್ಕ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾದದ್ದು ಏನು ಅಂತ ನನಗೆ ಗೊತ್ತಿತ್ತು. ರೇಡಿಯೋ ಪಡಸಾಲೆಯಲ್ಲಿ ಗಂಡಸರ ಪಾಲಿಗಿರಲಿ. ಹುಳುಮನೆಯಲ್ಲಿ ಅವಳ ಕೈಯಳತೆಯಲ್ಲಿ ಬೇರೊಂದು ಸ್ಪೀಕರ್, ಅದಕ್ಕೆ ಬೇರೊಂದು ಕಂಟ್ರೋಲ್. ಮಾಡಿ ತರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ರಾಯದುರ್ಗಕ್ಕೆ ಬಂದು ಎರಡು ತಿಂಗಳು ಅದೇ ಕೆಲಸ. ಕೊಳ್ಳಲು ಸಿಗದಿದ್ದರೆ ಕಟ್ಟಬೇಕು. ಬಳ್ಳಾರಿಯ ಗುಜರಿಯಲ್ಲಿ ಸುಟ್ಟುಹೋದ ಕರೆಂಟು ಒಲೆಯ ತಂತಿ ಸಿಕ್ಕಿತು. ತಂತಿ ಉದ್ದವಾದಷ್ಟೂ ಸ್ಪೀಕರಿಗೆ ಹೋಗುವ ಸದ್ದು ಕಡಿಮೆ. ಮರದ ಬಿಲ್ಲೆಯೊಂದರ ಮೇಲೆ ದುಂಡಗೆ ಹನ್ನೆರಡು ಹಿತ್ತಾಳೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಒಂದೊಂದು ತುಂಡು ತಂತಿ ಸುತ್ತಿದೆ. ಒಂದನೆಯ ಮೊಳೆಯಲ್ಲಿ ಪಿಸುಮಾತು, ಹನ್ನೆರಡನೆಯದರಲ್ಲಿ ಪೂರ್ತಿ ಗಂಟಲು. ಒಂದರ ಹಿಂದಿನ ಖಾಲಿ ಜಾಗದಲ್ಲಿ ಮೌನ.

ಮೊದಲ ಸಲ ಹನ್ನೆರಡಕ್ಕೂ ಸಮನಾದ ತುಂಡು ಹಾಕಿದೆ. ಮತ್ತೆ ಅದೇ ಬುದ್ಧಿ. ಹತ್ತು ಮೊಳೆಯವರೆಗೆ ಏನೂ ವ್ಯತ್ಯಾಸವಿಲ್ಲ, ಕೊನೆಯ ಎರಡರಲ್ಲಿ ಗುಡುಗು. ಆಗ ಹೊಳೆಯಿತು. ಒಂದು ಮೆಣಸಿನಕಾಯಿ ಹಾಕಿದ ಸಾರಿಗೆ ಇನ್ನೊಂದು ಹಾಕಿದರೆ ನಾಲಗೆಗೆ ಗೊತ್ತಾಗುತ್ತದೆ. ಹತ್ತು ಹಾಕಿದ ಸಾರಿಗೆ ಒಂದು ಸೇರಿಸಿದರೆ ಯಾರಿಗೆ ಗೊತ್ತು? ಕಿವಿಯೂ ಹಾಗೆಯೇ. ಅದು ಕೂಡುವ ಲೆಕ್ಕ ಕೇಳುವುದಿಲ್ಲ, ಗುಣಿಸುವ ಲೆಕ್ಕ ಕೇಳುತ್ತದೆ. ಒಂದೊಂದು ತುಂಡನ್ನೂ ಹಿಂದಿನದಕ್ಕಿಂತ ಗಿಡ್ಡ ಮಾಡುತ್ತ, ಕೇಳುತ್ತ, ಕತ್ತರಿಸುತ್ತ ಹೋದೆ. ಕೊನೆಗೆ ಹನ್ನೆರಡು ಮೆಟ್ಟಿಲೂ ಒಂದೇ ಎತ್ತರ ಅನಿಸಿದ ದಿನ ಅಂಗಡಿ ಮುಚ್ಚಿ ಬಂದು ಎರಡು ಹೋಳಿಗೆ ಹೆಚ್ಚಾಗಿ ತಿಂದೆ.

ಇದನ್ನು ಯಾತರಲ್ಲಿ ಇಡುವುದು? ನಮ್ಮಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಹತ್ತಿ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಮನುಷ್ಯ, ನಶ್ಯ ಏರಿಸದೆ ಒಂದು ಮೂಟೆ ಹತ್ತಿಯನ್ನೂ ತೂಗಿದವನಲ್ಲ. ಜೇಬಿಗೆ ಚಿಕ್ಕ ಡಬ್ಬಿ. ಅದಕ್ಕೆ ತುಂಬಿಕೊಳ್ಳಲು ಮನೆಯಲ್ಲಿ ಅಂಗೈಯಗಲದ ದುಂಡು ತಗಡಿನ ಡಬ್ಬಿ. ಮರದ ಬಿಲ್ಲೆ ಆ ದೊಡ್ಡ ಡಬ್ಬಿಗೆ ಅಳತೆ ತೆಗೆದುಕೊಂಡು ಮಾಡಿದ ಹಾಗೆ ಕೂತಿತು. ಮುಚ್ಚಳ ಸಲೀಸಾಗಿ ತಿರುಗುತ್ತಿತ್ತು. ಮೊಳೆಗಳ ಮೇಲೆ ಹರಿದಾಡುವ ಹಿತ್ತಾಳೆ ನಾಲಗೆಯನ್ನು ಮುಚ್ಚಳದ ಒಳಗೇ ಕೂರಿಸಿದೆ. ಗುಂಡಿ ಬೇರೆ ಬೇಡ, ಮುಚ್ಚಳವೇ ಗುಂಡಿ. ಅಪ್ಪನ ಡಬ್ಬಿಯ ಮುಚ್ಚಳ ತಿರುಗಿಸಿ ಅಕ್ಕ ಹಾಡು ಕೇಳುತ್ತಾಳೆ! ನನ್ನ ಬುದ್ಧಿಗೆ ನಾನೇ ಮೆಚ್ಚಿ ಬೀಗಿದೆ.

ಡಬ್ಬಿಯನ್ನು ತೊಳೆಯಬೇಕಿತ್ತು. ನೀರು ಬಿದ್ದರೆ ಹಳೆಯ ತಗಡು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ಸದ್ದು ಕರಕರ ಅನ್ನುತ್ತದೆ ಎಂದು ಒಣಬಟ್ಟೆಯಲ್ಲಿ ಒರೆಸಿದೆ. ಚೆನ್ನಾಗಿಯೇ ಒರೆಸಿದೆ. ಮುಚ್ಚಳದ ಅಂಚಿನ ಮಡಿಕೆಯಲ್ಲಿ ಬಟ್ಟೆ ಹೋಗಲಿಲ್ಲ. ಅಲ್ಲಿ ಏನಿದ್ದರೆ ಏನು ಅಂದುಕೊಂಡೆ. ಎಲ್ಲ ಪರೀಕ್ಷೆ ಮುಗಿದ ಮೇಲೆ ಹನ್ನೆರಡೂ ಮೊಳೆಯ ತಲೆಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ತೊಟ್ಟು ಸವರಿ, ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕಲ್ಯಾಣದುರ್ಗ, ಪಾವಗಡ ಹಾದು ಮಡಕಶಿರಕ್ಕೆ ಹೋದೆ.

ಹುಳುಗಳು ಆಗ ಮೂರನೇ ಜ್ವರ ಮುಗಿಸಿ ಎದ್ದಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ಅವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು. ತಟ್ಟೆಗಳ ಪಕ್ಕದ ಕಂಬಕ್ಕೆ ಸ್ಪೀಕರನ್ನು ಕಟ್ಟಿ, ಅಕ್ಕ ಕೂರುವ ಮಣೆಯ ಹತ್ತಿರ ಡಬ್ಬಿಯನ್ನು ಜೋಡಿಸಿದೆ. ಈ ಸ್ಪೀಕರ್ ಹಾಡುವಾಗ ಪಡಸಾಲೆಯ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರುವ ಹಾಗೆ ಒಂದು ಸ್ವಿಚ್ಚನ್ನೂ ಹಾಕಿದೆ. ಅಕ್ಕ ಅದನ್ನು ಕಂಡ ಕೂಡಲೇ ಗುರುತು ಹಿಡಿದಳು.

“ಅಪ್ಪನ ಡಬ್ಬಿ ಅಲ್ಲೇನೋ ಇದು?” ಎತ್ತಿ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ತಟ್ಟನೆ ಕೇಳಿದಳು: “ತೊಳದೀಯಿಲ್ಲೋ ಇದನ್ನ?”

“ತೊಳದೀನಿ,” ಅಂದೆ.

ನಾನು ಹೇಳಿದ ಸುಳ್ಳು ಅದೊಂದೇ. ಅವಳು ಗಂಡನ ಮನೆಗೆ ಬಂದು ಅಚ್ಚುಕಟ್ಟು ಕಲಿತಿದ್ದಾಳೆ, ನನ್ನನ್ನು ಕೊಳಕ ಅನ್ನುತ್ತಾಳೆ ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ.

“ತೊಳೆದರೂ ಅಪ್ಪನ ವಾಸನಿ ಹೋಗಿಲ್ಲ ನೋಡು,” ಎಂದು ನಕ್ಕಳು.

ನಾನು ಮುಚ್ಚಳ ತಿರುಗಿಸಿ ತೋರಿಸಿದೆ. ಒಂದು, ಎರಡು, ಮೂರು. ಮೂರನೇ ಮೊಳೆಯಲ್ಲಿ ಹಾಡೂ ಕೇಳುತ್ತಿತ್ತು, ಅದರ ಮೇಲೆ ಹುಳು ಮೇಯುವ ಸರಸರವೂ ಕೇಳುತ್ತಿತ್ತು. ಹನ್ನೆರಡರವರೆಗೂ ಒಯ್ದು ನನ್ನ ಕೈಚಳಕ ತೋರಿಸಬೇಕೆಂದಿದ್ದೆ, ಅಕ್ಕ ಕೈ ಹಿಡಿದಳು. “ಸಾಕು, ಮೂರಕ್ಕ ನಿಲ್ಲಸು. ಇದಕ್ಕಿಂತ ನನಗೇನೂ ಬ್ಯಾಡ.” ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟರು. “ಇಷ್ಟಾದ್ರೆ ಇರ್ಲಿ ಬಿಡು,” ಎಂದರು. ಮಾರನೆಯ ದಿನ ಅವರು ಮಗಳ ಹೆರಿಗೆಗೆಂದು ಅಗಳಿ ಎಂಬ ಊರಿಗೆ ಹೊರಟುಹೋದರು.

ಭಾವನ ನೆಂಟರೊಬ್ಬರ ಗ್ರಾಮಫೋನು ರಿಪೇರಿಗೆಂದು ನಾನು ಆ ಊರಲ್ಲೇ ಉಳಿದೆ, ಹಗಲು ಅವರ ಮನೆ, ಬೆಳಿಗ್ಗೆ ಸಂಜೆ ಅಕ್ಕನ ಮನೆ. ಆ ಮೂರು ದಿನ ಅಕ್ಕನ ಮುಖ ನೋಡಲು ಎರಡು ಕಣ್ಣು ಸಾಲದು. ಮುಚ್ಚಳ ತಿರುಗಿಸುವುದು, ಸೊಪ್ಪು ಹಾಕುವುದು, ರೇಡಿಯೋ ಜೊತೆಗೆ ಸಣ್ಣಗೆ ತಾನೂ ಹಾಡುವುದು. ಮದುವೆಯಾದ ಮೇಲೆ ಅವಳ ಹಾಡನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೆಯ ಬೆಳಿಗ್ಗೆ ಅವಳು ಕೂಗಿದಳು. ಓಡಿದೆ. ರೇಡಿಯೋ ಮೂರನೇ ಮೊಳೆಯಲ್ಲಿ ಹಾಡುತ್ತಿತ್ತು. ಅದರ ಮೇಲೆ ಇರಬೇಕಾದ ಸರಸರ ಇರಲಿಲ್ಲ. ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ ನಿಂತಿದ್ದವು. ಸಾವಿರಾರು ತಲೆ, ಎಲ್ಲವೂ ಮೇಲಕ್ಕೆ, ಅತ್ತಿಂದಿತ್ತ ಓಲಾಡುತ್ತ. ಹಾಡು ಕೇಳುತ್ತಿವೆ ಅನ್ನಬೇಕು, ಹಾಗೆ. ಬಾಯಿಂದ ಕಂದು ನೀರು. ಕೆಲವು ಆಗಲೇ ಕುಗ್ಗಿ ಕಿರುಬೆರಳಿನ ಅರ್ಧವಾಗಿದ್ದವು. ಭಾವ ಬಾಗಿಲಲ್ಲಿ ಸೊಪ್ಪಿನ ಹೊರೆ ಹೊತ್ತು ನಿಂತವನು ಅದನ್ನು ಇಳಿಸುವುದನ್ನೇ ಮರೆತ.

ಅಕ್ಕ ಹುಳುಗಳನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು, ಆಮೇಲೆ ಡಬ್ಬಿಯನ್ನು ನೋಡಿದಳು. ಅವಳೇ ತಂತಿ ಕಿತ್ತು ಡಬ್ಬಿಯನ್ನು ಒಂದರ ಮೇಲೊಂದು ಮೂರು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ತುರುಕಿದಳು. ಬಾವಿಯ ಹತ್ತಿರ ಹೋಗಿ ಬೂದಿ ಹಚ್ಚಿ ಮೊಣಕೈವರೆಗೂ ಕೈ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು.

“ತೊಗೊಂಡು ಹೋಗು ಇದನ್ನ. ಇನ್ನ ಈ ಮನಿಗೆ ತರಬ್ಯಾಡ,” ಎಂದಳು.

ಅವಳು ನನ್ನ ಕೆಲಸವನ್ನೇ ದೂರುತ್ತಿದ್ದಾಳೆ ಎಂದು ನನಗೆ ಉರಿದುಹೋಯಿತು.

ಸತ್ತ ಹುಳುವನ್ನು ಅಂದೇ ತಿಪ್ಪೆಯ ಆಚೆ ಗುಂಡಿ ತೋಡಿ ಹೂತು ಸುಣ್ಣ ಹಾಕಿದರು. ಮಾರನೆಯ ದಿನ ಅತ್ತೆ ಅಗಳಿಯಿಂದ ಬಂದಾಗ ತೊಳೆದ ತಟ್ಟೆಗಳು ಬಿಸಿಲಲ್ಲಿ ಒಣಗುತ್ತಿದ್ದವು. ಬಂದವರು ತಟ್ಟೆ ನೋಡಿ ಅಂಗಳದಲ್ಲೇ ನಿಂತರು.

“ಹೆಂಗೆ ಹೋದ್ವು?”

“ನಾನೇ ಕೊಂದೆ ಅತ್ತೆ,” ಎಂದಳು ಅಕ್ಕ. “ರೇಡಿಯೋ ಜೋರು ಮಾಡ್ದೆ. ಹನ್ನೆರಡಕ್ಕೂ ತಿರುಗಿಸ್ದೆ. ಆ ಸದ್ದಿಗೇ ಹೋದ್ವು.”

“ಸದ್ದಿಗೆ ಹುಳ ಸಾಯ್ತಾವಾ? ನಾನು ಎಲ್ಲೂ ಕಂಡಿಲ್ಲಮ್ಮ.”

“ನಾನು ಕಂಡೆ ಅತ್ತೆ.”

ನಾನು ನೆಂಟರ ಮನೆಯಲ್ಲಿದ್ದ ಹೊತ್ತಿನಲ್ಲಿ ತಿರುಗಿಸಿರಬೇಕು ಅಂದುಕೊಂಡೆ. ಅತ್ತೆ ಬಯ್ಯಲಿಲ್ಲ. “ಸದ್ದಿಗೋ ಇನ್ಯಾತಕ್ಕೋ. ಅವು ಮೇವು ಬಿಟ್ಟಿದ್ದು ನಿನಗೆ ಕೇಳಿಸ್ಲಿಲ್ಲ ನೋಡು, ಅದು ತಪ್ಪು. ಇನ್ನು ಆ ಪೆಟ್ಟಿಗೆ ಹುಳುಮನೆಗೆ ಬೇಡ,” ಎಂದು ಒಳಗೆ ಹೋದರು. ಅಲ್ಲಿಗೆ ಅಕ್ಕನ ಹಾಡು ಮುಗಿಯಿತು.

ಸ್ಪೀಕರನ್ನು ಬಗಲಿಗೆ ಹಾಕಿಕೊಂಡು ಹೊರಟವನು ಅವಳ ಜೊತೆ ನೆಟ್ಟಗೆ ಮಾತೂ ಆಡಲಿಲ್ಲ. ರೇಡಿಯೋ ಪಂಡಿತ ತಮ್ಮನಿದ್ದೂ ಸದ್ದಿಗೆ ಹುಳು ಸಾಯುತ್ತವೆ ಎಂದು ನಂಬುವ ಪೆದ್ದಿ! ರಾಯದುರ್ಗದಿಂದ ಅವಳಿಗೆ ಎರಡು ಕಾರ್ಡು ಬರೆದೆ, ಎರಡರಲ್ಲೂ ಬೈಗುಳ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಮಡಕಶಿರದ ಕಡೆಯಿಂದ ಬಂದವರು ಯಾರೋ, ಆ ಹಳ್ಳಿಯಲ್ಲಿ ರೇಡಿಯೋ ಕೇಳಿ ಹುಳು ತಲೆ ಎತ್ತಿ ಸತ್ತವಂತೆ ಎಂದು ನನ್ನ ಅಂಗಡಿಯಲ್ಲೇ ಹೇಳಿದರು. ನನ್ನ ಭಾಷಣ ಶುರುವಾದದ್ದು ಆಗ.

ಒಂದೂವರೆ ವರ್ಷ ಹೀಗೇ ಕಳೆಯಿತು. ಕೊನೆಗೆ ಹಟ ಹುಟ್ಟಿತು. ಇನ್ನೊಂದು ಕಂಟ್ರೋಲ್ ಕಟ್ಟಿ, ಹೋಗಿ, ಅವರ ಹುಳುವಿನ ಮುಂದೆಯೇ ಹನ್ನೆರಡಕ್ಕೆ ತಿರುಗಿಸಿ, ಒಂದೂ ಸಾಯುವುದಿಲ್ಲ ಎಂದು ತೋರಿಸಬೇಕು. ಹಳೆಯ ತಂತಿಯನ್ನೇ ಬಳಸೋಣವೆಂದು ಚೀಲದ ತಳದಿಂದ ಡಬ್ಬಿ ತೆಗೆದು, ಮೂರು ಬಟ್ಟೆ ಬಿಚ್ಚಿ, ಮುಚ್ಚಳ ಎತ್ತಿದೆ. ಎರಡು ಸಲ ಸೀನು ಬಂತು. ಒಳಗೆ ಕಂದು ಧೂಳು ಕೂತಿತ್ತು. ಮೊಳೆಗಳಿಗೆ ನಾನು ಸವರಿದ್ದ ಎಣ್ಣೆಯ ಮೇಲೂ ಅದೇ ಧೂಳು ಅಂಟಿತ್ತು. ಒಂದು, ಎರಡು, ಮೂರನೇ ಮೊಳೆ ಮಾತ್ರ ಒರೆಸಿದ ಹಾಗೆ ಹೊಳೆಯುತ್ತಿದ್ದವು. ನಾಲ್ಕರಿಂದ ಹನ್ನೆರಡರವರೆಗೆ ಎಣ್ಣೆ ಧೂಳು ಒಂದಿಷ್ಟೂ ಕದಡಿರಲಿಲ್ಲ.

ಹಿತ್ತಾಳೆ ನಾಲಗೆ ನಾಲ್ಕನೇ ಮೊಳೆಯನ್ನು ಮುಟ್ಟೇ ಇರಲಿಲ್ಲ. ಅಕ್ಕ ಹನ್ನೆರಡಕ್ಕೆ ತಿರುಗಿಸಿರಲಿಲ್ಲ. ಅತ್ತೆಯ ಮುಂದೆ ನಿಂತು ಸುಳ್ಳು ಹೇಳಿದ್ದಳು. ಅಪ್ಪ ಎರಡೇಟು ಹಾಕಿದರೂ ಸುಳ್ಳಾಡದ ಅಕ್ಕ! ಮಾಡದ ತಪ್ಪನ್ನು ತಲೆ ಮೇಲೆ ಹಾಕಿಕೊಂಡು, ತನಗೆ ಪ್ರಾಣವಾಗಿದ್ದ ಹಾಡನ್ನು ತಾನೇ ಕಳೆದುಕೊಂಡಳಲ್ಲ, ಯಾಕೆ? ನನಗೆ ತಲೆ ಕೆಟ್ಟಿತು. ಬಿಲ್ಲೆಯೂ ಹೊಸದು ಬೇಕು ಅನಿಸಿ, ಹೊಸ ಮೊಳೆ ಹೊಡೆದು, ಈ ಸಲ ತೆಂಗಿನ ದೊಡ್ಡ ಕರಟದೊಳಗೆ ಕೂರಿಸಿ, ಮೇಲೊಂದು ಮರದ ಗುಂಡಿ ಇಟ್ಟು, ಹಳೆಯ ಸ್ಪೀಕರನ್ನೂ ಎತ್ತಿಕೊಂಡು ಮಡಕಶಿರದ ಬಸ್ಸು ಹತ್ತಿದೆ.

ನಾನು ಅಂಗಳಕ್ಕೆ ಕಾಲಿಟ್ಟಾಗ ಅತ್ತೆ ಹೊಸ್ತಿಲಲ್ಲಿ ನಿಂತು ಸೊಪ್ಪು ಹೊತ್ತು ತಂದ ಆಳೊಬ್ಬನನ್ನು ಗದರುತ್ತಿದ್ದರು. ಅವನ ಕಿವಿಯ ಸಂದಿಯಲ್ಲಿ ಅರ್ಧ ಸೇದಿದ ಬೀಡಿ ಇತ್ತು. ಹೊರೆಯನ್ನು ಅಲ್ಲೇ ಎಸೆಸಿ ಅವನನ್ನು ಆಚೆ ಕಳಿಸಿದರು.

“ಅಷ್ಟಕ್ಕೇ ಹೊರೆ ಎಸಿಬೇಕೇನ್ರಿ ಅಮ್ಮ?” ಎಂದೆ.

“ಎಸೀದೆ? ಹೊಗೆಸೊಪ್ಪು ಹಿಡಿದ ಕೈ ಮೇವಿಗೆ ತಗಲಿದ್ರೆ ಸಾಕು ಕಣಪ್ಪ. ಬೀಡಿ ಆಗ್ಲಿ, ನಶ್ಯ ಆಗ್ಲಿ, ಒಂದು ಚಿಟಿಕಿ. ಹುಳ ಮೇವು ಬಿಟ್ಟು, ತಲೆ ಮೇಲಕ್ಕೆತ್ತಿ, ಕಕ್ಕಿ ಕಕ್ಕಿ ಕುಗ್ಗ್ ಹೋಗ್ತಾವೆ. ನಮ್ಮತ್ತೆ ಕಾಲದಲ್ಲಿ ಒಬ್ಬ ಹಂಗೆ ಮಾಡ್ದ. ಅವನು ಸಾಯೋಗಂಟ ಈ ಹೊಸ್ತಿಲು ಮೆಟ್ಟಿಸ್ಲಿಲ್ಲ. ಹೆತ್ತ ಮಗನಾದ್ರೂ ಅಷ್ಟೇ.”

ನಶ್ಯ. ತಲೆ ಮೇಲಕ್ಕೆತ್ತಿ. ಮುಚ್ಚಳ ತಿರುಗಿಸುವುದು, ಸೊಪ್ಪು ಹಾಕುವುದು. ಅಕ್ಕನ ಬೆರಳು. ಮೂರು ಬಟ್ಟೆ, ಬೂದಿ, ಮೊಣಕೈವರೆಗೆ. ಜಗಲಿಯ ಮೇಲೆ ಕೂತುಬಿಟ್ಟೆ. ಆ ಹುಳುಗಳನ್ನು ಕೊಂದವನು ನಾನು. ಹಾಡು ಕೇಳಲಿ ಎಂದು ನಾನೇ ಎರಡು ತಿಂಗಳು ಕೂತು ಕಟ್ಟಿದ ಡಬ್ಬಿ ಕೊಂದಿತ್ತು.

ಅಕ್ಕ ಬಾವಿಯ ಹತ್ತಿರ ನೀರು ಸೇದುತ್ತಿದ್ದಳು. ಬಳಿಗೆ ಹೋದೆ. ಒಂದೂವರೆ ವರ್ಷದಲ್ಲಿ ಸೊರಗಿದ್ದಳು.

“ನಿನಗ ಅವತ್ತೇ ಗೊತ್ತಿತ್ತು,” ಎಂದೆ.

ಅವಳು ಹಗ್ಗ ಬಿಡಲಿಲ್ಲ. “ತಲಿ ಎತ್ತಿದ್ದು ನೋಡಿದ ಕೂಡಲೇ ಗೊತ್ತಾತು. ಬಂದ ವರ್ಷಾನೇ ಅತ್ತಿ ಹೇಳಿಕೊಟ್ಟಿದ್ರು.”

“ಯಾಕ ಹೇಳಲಿಲ್ಲ? ನಾನು ನಿನಗ ಎಷ್ಟು ಬೈದೆ!”

“ಹೇಳಿದ್ರ ನೀ ಈ ಮನಿಗೆ ಬರೋಹಂಗಿದ್ದೇನು? ತವರಂತ ನನಗ ಇರೋದು ನೀನೊಬ್ಬ. ಹಾಡು ಹೋದ್ರ ಹೋಗ್ಲಿ ಅಂದೆ.”

“ತೊಳದೀನಿ ಅಂತ ಸುಳ್ಳು ಹೇಳಿದೆ ಅಕ್ಕಾ. ತುಕ್ಕು ಹಿಡಿತತಿ ಅಂತ ತೊಳೀಲಿಲ್ಲ.”

“ಅದೂ ಗೊತ್ತಿತ್ತು,” ಎಂದಳು. “ಮೂಗಿಗೆ ಹಿಡಿದಾಗ ವಾಸನಿ ಬಂತಲ್ಲೋ. ತೊಳದಿದ್ರ ಬರ್ತಿತ್ತೇನು? ನಾನೇ ಇನ್ನೊಮ್ಮೆ ತೊಳೀಬೇಕಿತ್ತು. ಅಪ್ಪನ ವಾಸನಿ ಹೋಗಿಬಿಡತತಿ ಅಂತ ತೊಳೀಲಿಲ್ಲ.”

ನಾನು ಅತ್ತುಬಿಟ್ಟೆ. ಅವಳ ಮುಂದೆ, ಬಾವಿಕಟ್ಟೆಯ ಮೇಲೆ, ಮೀಸೆ ಹೊತ್ತ ಗಂಡಸು ಗಳಗಳ ಅತ್ತುಬಿಟ್ಟೆ. ಅವಳು ಕೊಡದಿಂದ ನನ್ನ ಕೈಗೆ ನೀರು ಹಾಕಿದಳು. ಕರಟವನ್ನು ತೆಗೆದು ಅವಳ ಕಣ್ಣೆದುರೇ ಬೂದಿಯಿಂದ ಉಜ್ಜಿ ತೊಳೆದೆ. ಬಿಲ್ಲೆಯನ್ನೂ ತೊಳೆದೆ, ಮೊಳೆ ತುಕ್ಕು ಹಿಡಿದರೆ ಹಿಡಿಯಲಿ ಎಂದು. ನನ್ನ ಕೈಯನ್ನು ಮೊಣಕೈವರೆಗೂ ಉಜ್ಜಿದೆ.

ಆಮೇಲೆ ಹೊಸ್ತಿಲ ಆಚೆ ನಿಂತು ಅತ್ತೆಗೆ ಎಲ್ಲ ಹೇಳಿದೆ. ಅಕ್ಕ ಹಿಂದಿನಿಂದ ಬ್ಯಾಡೋ, ಬ್ಯಾಡೋ ಎಂದು ಅಂಗಿ ಜಗ್ಗುತ್ತಿದ್ದಳು. ಅವರು ಪೂರ್ತಿ ಕೇಳಿದರು. ಅವರ ಮುಖ ನನ್ನಿಂದ ಸೊಸೆಯ ಕಡೆಗೆ ತಿರುಗಿತು.

“ಒಂದೂವರೆ ವರ್ಷ ಸುಮ್ಮನಿದ್ದೆಯಲ್ಲೇ,” ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಕರಟವನ್ನು ತೆಗೆದುಕೊಂಡು, ಮೂಸಿ ನೋಡಿ, ಸೊಸೆಯ ಕೈಗೆ ಕೊಟ್ಟರು. “ನಿನ್ನ ಪೆಟ್ಟಿಗೆ ನಿನಗಿರ್ಲಿ. ಅವನಿಗೆ ಮಾತ್ರ ಈ ಹೊಸ್ತಿಲು ಇಲ್ಲ. ಊಟ ಜಗಲಿಗೆ ಕೊಡು.”

ಹಾಗೆಯೇ ಆಯಿತು. ಅವರು ಬದುಕಿರುವ ತನಕ ಆ ಮನೆಯೊಳಗೆ ನಾನು ಕಾಲಿಡಲಿಲ್ಲ. ಅವರು ಹೇಳಿದ್ದು ತಪ್ಪು ಎಂದು ನನಗೆ ಯಾವತ್ತೂ ಅನಿಸಿಲ್ಲ. ಸ್ಪೀಕರಿಗೂ ಹೊಸ ಕಂಟ್ರೋಲಿಗೂ ತಂತಿ ಜೋಡಿಸುವುದು ಹೇಗೆಂದು ಜಗಲಿಯಿಂದಲೇ ಕೂಗಿ ಕೂಗಿ ಹೇಳಿದೆ, ಭಾವ ಒಳಗೆ ಜೋಡಿಸಿದ.

ಜಗಲಿಯ ಮೇಲೆ ತಟ್ಟೆ ಇತ್ತು, ಮುದ್ದೆ ಆರುತ್ತಿತ್ತು. ಒಳಗಿನಿಂದ ಮೊದಲ ಮೊಳೆಯ ಪಿಸುಮಾತು ಬಂತು, ಎರಡು, ಮೂರು. ಮೂರಕ್ಕೆ ನಿಲ್ಲಿಸುತ್ತಾಳೆ ಎಂದು ನನಗೆ ಗೊತ್ತಿತ್ತು. ಅಷ್ಟು ಸದ್ದು ಜಗಲಿಗೆ ಸರಿಯಾಗಿ ಕೇಳುವುದಿಲ್ಲ ಎಂದೂ ಗೊತ್ತಿತ್ತು. ಟಕ್ ಎಂದಿತು. ನಾಲ್ಕು. ಟಕ್. ಐದು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಎಣಿಸತೊಡಗಿದೆ. ಹೊಸ್ತಿಲಲ್ಲಿ ಅತ್ತೆ ಕೂತಿದ್ದರು, ಒಳಗೆ ಹುಳುಗಳು ಮೇಯುತ್ತಿದ್ದವು, ಆ ಸದ್ದು ಈಗ ಯಾರಿಗೂ ಕೇಳುತ್ತಿರಲಿಲ್ಲ. ಹತ್ತು. ಹನ್ನೊಂದು. ಹನ್ನೆರಡನೇ ಮೊಳೆಗೆ ಹಾಡು ಬಾಗಿಲು ತುಂಬಿ ಅಂಗಳಕ್ಕೆ ಬಂತು, ಅದರ ಜೊತೆಗೆ ಅಕ್ಕನ ದನಿಯೂ ಬಂತು. ನಾನು ಅತ್ತೆಯ ಮುಖ ನೋಡಿದೆ. ಅವರು ಬೇಡ ಅನ್ನಲಿಲ್ಲ.